ಕಾಲಿನ ಹೆಬ್ಬೆರಳಿಗೆ ಇಂಪ್ಲಾಂಟ್ ಹಾಕಿಸಬೇಕಾ? ಆಪರೇಷನ್‌ಗೆ ಹ್ಞೂಂ ಅನ್ನೋ ಮುಂಚೆ

ಶ್ರವಣಬೆಳಗೊಳದ ದೊಡ್ಡಬೆಟ್ಟಕ್ಕೆ ಚಪ್ಪಲಿ ಹಾಕಿಕೊಂಡು ಹತ್ತುವ ಹಾಗಿಲ್ಲ. ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ನಾಲ್ಕು ವರ್ಷದ ಹಿಂದೆ ನಾನು ಅರ್ಧ ಹತ್ತಿ ಕೂತುಬಿಟ್ಟೆ. ಉಸಿರು ಸರಿಯಾಗಿತ್ತು, ಮಂಡಿಯೂ ಸರಿಯಾಗಿತ್ತು. ಬಲಗಾಲಿನ ಹೆಬ್ಬೆರಳು ಮಾತ್ರ ಇನ್ನು ಬಗ್ಗಲ್ಲ ಅಂತ ಹಟ ಹಿಡಿದಿತ್ತು. ಕೆಳಗೆ ಇಳಿಯುವಾಗ ಪಾದ ಅಡ್ಡಡ್ಡ ಇಟ್ಟುಕೊಂಡು, ಏಡಿಯ ಹಾಗೆ ಇಳಿದೆ.

ಆಮೇಲೆ ಆಪರೇಷನ್ ಆಯಿತು. ಅದು ಗೊತ್ತಾದ ಮೇಲೆ ಹೆಬ್ಬೆರಳು ನೋವಿನವರೆಲ್ಲ ನನ್ನನ್ನೇ ಕೇಳುತ್ತಾರೆ. ಈ ಸಲ ಕಾಫಿ ಕೊಯ್ಲು ಮುಗಿಯೋದರೊಳಗೆ ಮೂರು ಜನ ಕೇಳಿದರು. ಮೂಡಿಗೆರೆ ಕಡೆಯ ಎಸ್ಟೇಟ್ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಒಬ್ಬರು, ವಯಸ್ಸು ನಲವತ್ತಾರು. ಅವರಿಗೆ ಬೆರಳಿನ ಕೀಲಿಗೆ ಲೋಹದ ಟೋಪಿ ಹಾಕೋಣ ಅಂದಿದ್ದಾರೆ. ಹಾಸನದ ನಿವೃತ್ತ ಟೀಚರ್, ಅರವತ್ತೆಂಟು. ಅವರಿಗೆ ಒಬ್ಬ ಡಾಕ್ಟರ್ ಕೀಲು ಕೂಡಿಸಿಬಿಡೋಣ ಅಂದರು, ಇನ್ನೊಬ್ಬರು ಇಂಪ್ಲಾಂಟ್ ಹಾಕೋಣ ಅಂದರು. ಮೂರನೆಯವಳು ನಮ್ಮ ದೂರದ ನೆಂಟರ ಸೊಸೆ, ಭರತನಾಟ್ಯ ಕಲಿಸುತ್ತಾಳೆ, ಮೂವತ್ತೈದು. ಅವಳದು ಒಂದೇ ಪ್ರಶ್ನೆ: ಬೆರಳು ಬಗ್ಗುತ್ತಾ ಇಲ್ವಾ?

ನಾನು ಡಾಕ್ಟರ್ ಅಲ್ಲ, ಸಕಲೇಶಪುರದ ಹತ್ತಿರ ಐದೆಕರೆ ಕಾಫಿ ಇಟ್ಟುಕೊಂಡವನು. ಆದರೆ ಈ ಒಂದು ಕೀಲಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಹಾಸನ, ಮಂಗಳೂರು, ಬೆಂಗಳೂರು ಅಂತ ಮೂರು ಕಡೆ ಡಾಕ್ಟರುಗಳ ಮುಂದೆ ಕೂತಿದ್ದೇನೆ. ಮೂವರಿಗೂ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಯಾವ ನೋವು ಅಂತ ಮೊದಲು ತಿಳಿಯಲಿ

ಹೆಬ್ಬೆರಳು ಪಾದಕ್ಕೆ ಸೇರುವ ಗೆಣ್ಣಿನಲ್ಲಿ ಬೇರೆ ಬೇರೆ ಕಾಯಿಲೆ ಬರುತ್ತವೆ. ಬೆರಳು ಪಕ್ಕದ ಬೆರಳಿನ ಮೇಲೆ ವಾಲಿ, ಒಳಮಗ್ಗುಲಲ್ಲಿ ಗಂಟು ಎದ್ದರೆ ಅದು ಬನಿಯನ್. ರಾತ್ರಿ ಚೆನ್ನಾಗಿ ಮಲಗಿದವರಿಗೆ ಬೆಳಗಿನ ಜಾವ ಬೆರಳು ಕೆಂಡದ ಹಾಗೆ ಕೆಂಪಗೆ ಊದಿ, ಕಂಬಳಿ ತಾಕಿದರೂ ಪ್ರಾಣ ಹೋದ ಹಾಗಾಗಿ, ಒಂದೆರಡು ವಾರದಲ್ಲಿ ಇಳಿದುಹೋದರೆ ಗೌಟ್ ಇರಬಹುದು. ನಾವು ಮಾತಾಡುತ್ತಿರೋದು ಇವೆರಡೂ ಅಲ್ಲ. ಇದು ನಿಧಾನವಾಗಿ ಬರುವ ಸವೆತ. ಡಾಕ್ಟರುಗಳು ಹ್ಯಾಲಕ್ಸ್ ರಿಜಿಡಸ್ ಅನ್ನುತ್ತಾರೆ, ಸೆಟೆದ ಹೆಬ್ಬೆರಳು ಅಂತ ಅರ್ಥ. ಗೆಣ್ಣಿನ ಮೇಲ್ಗಡೆ ಗಟ್ಟಿ ಉಬ್ಬು ಬರುತ್ತದೆ, ಬೆರಳು ಮೇಲಕ್ಕೆ ಬಗ್ಗಿಸಿದರೆ ನೋವು, ವರ್ಷದಿಂದ ವರ್ಷಕ್ಕೆ ಬಗ್ಗೋದು ಕಮ್ಮಿಯಾಗುತ್ತದೆ.

ಇಷ್ಟು ಯಾಕೆ ಹೇಳುತ್ತೇನೆ ಅಂದರೆ, ಒಂದು ಕ್ಲಿನಿಕ್ಕಿನಲ್ಲಿ ನನಗೆ ಎಂಟು ತಿಂಗಳು ಯೂರಿಕ್ ಆಸಿಡ್ ಮಾತ್ರೆ ನುಂಗಿಸಿದರು. ರಕ್ತದಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಇತ್ತು, ನಿಜ. ಆದರೆ ಜಾಸ್ತಿ ಇದ್ದವರಿಗೆಲ್ಲ ಗೌಟ್ ಇರಲ್ಲ. ಕಾಲಿನ ಎಕ್ಸ್‌ರೇ ಒಂದು ಸಲವೂ ತೆಗೆಸಿರಲಿಲ್ಲ. ಎಕ್ಸ್‌ರೇ ತೆಗೆಸುವಾಗ ನಿಂತುಕೊಂಡು, ಕಾಲಿನ ಮೇಲೆ ಭಾರ ಬಿಟ್ಟು ತೆಗೆಸಿ. ಮಲಗಿ ತೆಗೆಸಿದರೆ ಕೀಲಿನ ಸಂದು ಎಷ್ಟು ಉಳಿದಿದೆ ಅನ್ನೋದು ಸರಿಯಾಗಿ ಕಾಣಲ್ಲ.

ಒಳಗೆ ಆಗಿರೋದು ಇಷ್ಟೇ. ಎರಡು ಮೂಳೆಯ ತುದಿಗೆ ನುಣುಪಾದ ಕಾರ್ಟಿಲೇಜ್ ಹೊದಿಕೆ ಇರುತ್ತದೆ, ಎಳನೀರು ಗಂಜಿಯ ಹಾಗೆ ಬೆಳ್ಳಗೆ. ಅದು ಸವೆಯುತ್ತದೆ. ಸವೆದ ಕಡೆ ಅಂಚಿನಲ್ಲಿ ಹೊಸ ಮೂಳೆ ಮುಳ್ಳಿನ ಹಾಗೆ ಬೆಳೆಯುತ್ತದೆ. ಬೆರಳು ಮೇಲೆ ಬಗ್ಗಲು ಹೋದಾಗ ಆ ಮುಳ್ಳಿಗೆ ಬಡಿಯುತ್ತದೆ. ಬಾಗಿಲ ಹಿಂದೆ ಗೂಟ ಹೊಡೆದಿದ್ದರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದಲ್ಲ, ಹಾಗೆ. ಆರೋಗ್ಯವಾಗಿರುವ ಹೆಬ್ಬೆರಳು ಮೇಲಕ್ಕೆ ಸುಮಾರು 65ರಿಂದ 70 ಡಿಗ್ರಿ ಬಗ್ಗುತ್ತದೆ. ಈ ಅಂಕಿ ನೆನಪಿರಲಿ, ಇಂಪ್ಲಾಂಟ್ ಮಾತು ಬಂದಾಗ ಬೇಕಾಗುತ್ತದೆ.

ಯಾವ ಕೋಲಿನಿಂದ ಅಳೆಯೋದು

ಜನ ಮೊದಲು ಕೇಳೋದು ನೋವು ಹೋಗುತ್ತಾ ಅಂತ. ಸರಿಯಾಗಿ ಮಾಡಿದರೆ ಎಲ್ಲ ಆಪರೇಷನ್‌ನಲ್ಲೂ ಜಾಸ್ತಿ ಜನಕ್ಕೆ ನೋವು ಕಮ್ಮಿಯಾಗುತ್ತದೆ. ಅದರಿಂದ ಒಂದನ್ನು ಆರಿಸಲು ಆಗಲ್ಲ. ನಾನು ಬೇರೆ ನಾಲ್ಕು ಕೇಳುತ್ತೇನೆ.

ಕೀಲು ಎಷ್ಟು ಸವೆದಿದೆ? ಇದಕ್ಕೆ ಒಂದು ಸರಳ ಸುಳಿವು ಇದೆ. ಬೆರಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಪೂರ್ತಿ ಮೇಲೆ ಹೋದಾಗ, ಕೊನೆಯಲ್ಲಿ ಮಾತ್ರ ಚುಚ್ಚಿದರೆ ತೊಂದರೆ ಮೇಲಿನ ಮುಳ್ಳಿನದು. ನಡುವೆ, ಸುಮ್ನೆ ಆಡಿಸುವಾಗಲೇ ಅರೆದ ಹಾಗೆ ನೋವಾದರೆ ಇಡೀ ಕೀಲು ಹೋಗಿದೆ ಅಂತ. ಡಾಕ್ಟರ್ ಕೂಡ ಇದನ್ನೇ ನೋಡುತ್ತಾರೆ.

ನಿಮ್ಮ ದಿನಕ್ಕೆ ಎಷ್ಟು ಬಗ್ಗು ಬೇಕು? ವಿದೇಶದ ಪುಸ್ತಕಗಳಲ್ಲಿ ಹೈಹೀಲ್ಸ್ ಬಗ್ಗೆ ಪುಟಗಟ್ಟಲೆ ಇರುತ್ತದೆ. ನಮ್ಮ ಪ್ರಶ್ನೆ ಬೇರೆ. ನೆಲದಲ್ಲಿ ಕೂತು ಏಳಬೇಕು. ವಜ್ರಾಸನ, ನಮಾಜು, ದೀರ್ಘದಂಡ ನಮಸ್ಕಾರ ಇರುತ್ತದೆ. ಇಳಿಜಾರಿನಲ್ಲಿ ತುದಿಗಾಲಲ್ಲಿ ಕೂತು ಕಳೆ ತೆಗೆಯಬೇಕು.

ಎಷ್ಟು ವರ್ಷ ಬಾಳಬೇಕು? ಮೂವತ್ತೈದರವಳಿಗೂ ಅರವತ್ತೆಂಟರವರಿಗೂ ಒಂದೇ ಉತ್ತರ ಇರಲ್ಲ.

ನಾಲ್ಕನೆಯದನ್ನು ಯಾರೂ ಕೇಳಲ್ಲ: ಇದು ಕೈಕೊಟ್ಟರೆ ಮುಂದೇನು? ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಇದು. ಕೆಲವು ಆಪರೇಷನ್ ಆದ ಮೇಲೂ ಮುಂದಿನ ದಾರಿಗಳೆಲ್ಲ ತೆರೆದಿರುತ್ತವೆ. ಕೆಲವು ಆದ ಮೇಲೆ ವಾಪಸ್ ಬರುವ ದಾರಿ ತುಂಬಾ ಕಡಿದು.

ದುಡ್ಡು, ರಜೆ, ಓಡಾಟ ಇದ್ದೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಚಾಕು ಮುಟ್ಟದೆ

ಗಟ್ಟಿ ಅಟ್ಟೆಯ ಶೂ. ಅಟ್ಟೆ ಬಗ್ಗದಿದ್ದರೆ ಬೆರಳೂ ಬಗ್ಗಬೇಕಾಗಿಲ್ಲ, ನೋವೂ ಇಲ್ಲ. ಮುಂಭಾಗ ತೊಟ್ಟಿಲ ಕಾಲಿನ ಹಾಗೆ ಸ್ವಲ್ಪ ಮೇಲೆದ್ದ ರಾಕರ್ ಅಟ್ಟೆ ಇನ್ನೂ ಒಳ್ಳೆಯದು, ಹೆಜ್ಜೆ ತಾನಾಗೇ ಉರುಳುತ್ತದೆ. ಇರುವ ಶೂ ಒಳಗೇ ತೆಳ್ಳಗಿನ ಕಾರ್ಬನ್ ಫೈಬರ್ ತಗಡು ಇಡಬಹುದು. ಗಂಬೂಟಿಗೂ ಇಡಬಹುದು, ನಾನು ಇಟ್ಟಿದ್ದೇನೆ. ಬೆರಳಿನ ಜಾಗ ಅಗಲ ಇರಲಿ, ಉಬ್ಬಿಗೆ ಶೂ ಉಜ್ಜಬಾರದು.

ಜೊತೆಗೆ ನೋವಿನ ಮಾತ್ರೆ, ಕೆಲವರಿಗೆ ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್. ಇಂಜೆಕ್ಷನ್ ಕೆಲವು ವಾರ, ಕೆಲವು ತಿಂಗಳು ಕೆಲಸ ಮಾಡುತ್ತದೆ. ಸವೆದಿದ್ದನ್ನು ವಾಪಸ್ ತರಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಅದರಿಂದ ಕೆಲವು ದಿನ ಶುಗರ್ ಏರುತ್ತದೆ, ಮೊದಲೇ ಹೇಳಿ.

ಈ ದಾರಿಯ ತೊಂದರೆ ನಮ್ಮ ಹೊಸ್ತಿಲಲ್ಲಿದೆ. ಶೂ ಹೊರಗೆ ಬಿಡುತ್ತೇವೆ. ಮನೆಯಲ್ಲಿ ಬರಿಗಾಲು, ದೇವಸ್ಥಾನದಲ್ಲಿ ಬರಿಗಾಲು. ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತುವವರಲ್ಲಿ ಎಷ್ಟೋ ಜನ ಬರಿಗಾಲಲ್ಲೇ ಹತ್ತುತ್ತಾರೆ. ಗಟ್ಟಿ ಅಟ್ಟೆ ಅಲ್ಲಿಗೆ ಬರಲ್ಲ. ಮನೆಯೊಳಗಾದರೂ ಒಂದು ಗಟ್ಟಿ ಚಪ್ಪಲಿ ಇಟ್ಟುಕೊಳ್ಳಿ, ಹಿರಿಯರು ಎರಡು ದಿನ ಗೊಣಗಿ ಸುಮ್ಮನಾಗುತ್ತಾರೆ.

ಆದರೂ ಮೂರು ನಾಲ್ಕು ತಿಂಗಳು ಇದನ್ನು ಮಾಡದೆ ಆಪರೇಷನ್ ಮಾತೇ ಬೇಡ. ಕೆಲವರಿಗೆ ಇಷ್ಟರಲ್ಲೇ ವರ್ಷಗಟ್ಟಲೆ ಕಳೆಯುತ್ತದೆ.

ಮುಳ್ಳು ಕೆತ್ತೋದು

ಇದು ನನಗೆ ಆಗಿದ್ದು. ಹೆಸರು ಕೈಲೆಕ್ಟಮಿ. ಮೇಲೆ ಬೆಳೆದ ಮೂಳೆಯ ಜೊತೆಗೆ, ಪಾದದ ಮೂಳೆಯ ತಲೆಯ ಮೇಲ್ಭಾಗವನ್ನೂ ಕಾಲು ಭಾಗದಷ್ಟು ಕೆತ್ತುತ್ತಾರೆ. ಬಾಗಿಲ ಹಿಂದಿನ ಗೂಟ ತೆಗೆದ ಹಾಗೆ. ಒಳಗೆ ಏನೂ ಇಡಲ್ಲ. ಗಟ್ಟಿ ಚಪ್ಪಲಿ ಹಾಕಿಕೊಂಡು ಬೇಗನೇ ಓಡಾಡಿಸುತ್ತಾರೆ. ಎರಡು ವಾರದ ಹೊತ್ತಿಗೆ ಹೊಲಿಗೆ ಬಿಚ್ಚುತ್ತಾರೆ, ಆಮೇಲೆ ದಿನಾ ಬೆರಳು ಬಗ್ಗಿಸುವ ಕಸರತ್ತು. ಅದು ನೋವಾಗುತ್ತದೆ ಅಂತ ಬಿಟ್ಟವರಿಗೆ ಬೆರಳು ಮತ್ತೆ ಸೆಟೆಯುತ್ತದೆ. ಕೆಲವು ಡಾಕ್ಟರುಗಳು ಜೊತೆಗೆ ಬೆರಳಿನ ಮೂಳೆಯಲ್ಲಿ ಸಣ್ಣ ಬೆಣೆ ತೆಗೆದು ಬೆರಳನ್ನೇ ಸ್ವಲ್ಪ ಮೇಲೆ ತಿರುಗಿಸುತ್ತಾರೆ, ಅದಕ್ಕೆ ಮೊಬರ್ಗ್ ಅಂತ ಹೆಸರು. ಕೀಲು ಬಗ್ಗೋದು ಅಷ್ಟೇ ಇದ್ದರೂ ನೆಲದಿಂದ ಮೇಲೇಳುವ ಕೋನ ಸಿಗುತ್ತದೆ. ಜಾಣತನದ ಕೆಲಸ.

ಕೊನೆಯಲ್ಲಿ ಮಾತ್ರ ನೋವಿರುವವರಿಗೆ ಇದು ಸರಿ. ನಡುವೆ ಅರೆಯುವ ನೋವಿರುವವರಿಗೆ ಇದು ಕಮ್ಮಿ. ಸವೆತ ನಿಲ್ಲೋದೂ ಇಲ್ಲ, ಮುಳ್ಳು ಮತ್ತೆ ಬೆಳೆಯಬಹುದು. ಆದರೆ ಕೈಕೊಟ್ಟರೆ ಮುಂದೇನು ಅನ್ನುವ ಕೋಲಿನಲ್ಲಿ ಇದಕ್ಕೇ ಮೊದಲ ಜಾಗ. ಮೂಳೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ನಾಳೆ ಇಂಪ್ಲಾಂಟ್ ಹಾಕಿಸಬಹುದು, ಕೂಡಿಸಲೂಬಹುದು.

ಇಂಪ್ಲಾಂಟ್: ಹೊಸ ಮೇಲ್ಮೈ

ಎಲ್ಲರ ಕಣ್ಣೂ ಇದರ ಮೇಲೆ. ನೋವೂ ಹೋಗುತ್ತದೆ, ಬೆರಳೂ ಬಗ್ಗುತ್ತದೆ ಅಂದರೆ ಯಾರು ಬೇಡ ಅಂತಾರೆ? ರೀಸರ್ಫೇಸಿಂಗ್ ಅಂದರೆ ಇಡೀ ಕೀಲು ತೆಗೆಯದೆ, ಸವೆದ ಮೇಲ್ಮೈ ಮಾತ್ರ ಬದಲಿಸೋದು. ಗುಂಡಿ ಬಿದ್ದ ರಸ್ತೆಗೆ ಮೇಲೊಂದು ಪದರ ಡಾಂಬರು ಹಾಕಿದ ಹಾಗೆ. ಮಲೆನಾಡಿನ ಮಳೆಯಲ್ಲಿ ಓಡಾಡುವ ನಮಗೆ ಮುಂದಿನ ಪ್ರಶ್ನೆ ತಾನಾಗೇ ಹೊಳೆಯಬೇಕು: ಕೆಳಗಿನ ತಳ ಹೇಗಿದೆ?

ಇಂಪ್ಲಾಂಟ್ ಅನ್ನೋದು ಒಂದೇ ವಸ್ತು ಅಲ್ಲ. ಡಾಕ್ಟರ್ ಆ ಮಾತು ಹೇಳಿದಾಗ ಯಾವುದು ಅಂತ ಕೇಳಲೇಬೇಕು.

ಹಳೆಯದು ಸಿಲಿಕೋನ್. 1960, 70ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಸ್ವಾನ್ಸನ್ ಬೆರಳಿನ ಕೀಲುಗಳಿಗೆ ಸಿಲಿಕೋನ್ ಇಂಪ್ಲಾಂಟ್ ತಂದರು. ಕೈಬೆರಳಿನಲ್ಲಿ ಚೆನ್ನಾಗಿ ನಡೆಯಿತು. ಕಾಲಿನ ಮೇಲೆ ಇಡೀ ಮೈ ಭಾರ ಬೀಳುತ್ತದಲ್ಲ, ಅಲ್ಲಿ ಸಿಲಿಕೋನ್ ಸವೆದು ಪುಡಿಯಾಗಿ, ಆ ಪುಡಿಗೆ ಸುತ್ತಲಿನ ಮೂಳೆ ಕರಗಿದ್ದೂ ಉಂಟು. ಆಮೇಲೆ ಟೈಟಾನಿಯಂ ಬಳೆ ಇಟ್ಟು ಸುಧಾರಿಸಿದರು. ವಯಸ್ಸಾದ, ಜಾಸ್ತಿ ನಡೆಯದ ಜನರಿಗೆ ಇದನ್ನು ಬಳಸುವವರು ಈಗಲೂ ಇದ್ದಾರೆ.

ಎರಡನೆಯದು ಲೋಹದ ಟೋಪಿ. ಮೂಳೆಯ ತಲೆಯೊಳಗೆ ಒಂದು ಸ್ಕ್ರೂ ಕೂರಿಸಿ, ಅದರ ಮೇಲೆ ಕೋಬಾಲ್ಟ್ ಕ್ರೋಮಿಯಂನ ನುಣುಪಾದ ಗುಬ್ಬಿ ಬಿಗಿಯುತ್ತಾರೆ. ಇನ್ನು ಕೆಲವು ಮಾದರಿಗಳಲ್ಲಿ ಲೋಹ ಬೆರಳಿನ ಕಡೆ ಕೂರುತ್ತದೆ. ಎರಡರಲ್ಲೂ ಒಂದು ಮಗ್ಗುಲು ಮಾತ್ರ ಹೊಸದು. ಎದುರಿನದು ನಿಮ್ಮದೇ ಹಳೆಯ ಮೇಲ್ಮೈ, ಅದು ಲೋಹಕ್ಕೆ ಉಜ್ಜುತ್ತಿರುತ್ತದೆ. ಅದೂ ಸವೆದಿದ್ದರೆ ನೋವು ಎಲ್ಲಿ ಹೋಗುತ್ತೆ? ಇನ್ನೊಂದು ಮಾತು. ಈ ಲೋಹದಲ್ಲಿ ಅಲ್ಪಸ್ವಲ್ಪ ನಿಕ್ಕಲ್ ಇರುತ್ತದೆ. ನಕಲಿ ಓಲೆ ಹಾಕಿದರೆ ಕಿವಿ ತುರಿಸಿ ಹುಣ್ಣಾಗುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಎರಡೂ ಮಗ್ಗುಲು ಬದಲಿಸುವ ಪೂರ್ತಿ ಕೀಲು ಕೂಡ ಇದೆ, ಮಂಡಿಗೆ ಹಾಕುವ ಹಾಗೆ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಹೋಲಿಕೆ ಇದರ ಬಗ್ಗೆ ಕಣ್ಣು ತೆರೆಸುತ್ತದೆ. ಅಲ್ಲಿ 38 ಬೆರಳುಗಳನ್ನು ಕೂಡಿಸಿದರು, 39ಕ್ಕೆ ಹೊಸ ಕೀಲು ಹಾಕಿದರು. ಕೂಡಿಸಿದ 38 ಕೂಡ ಕೂಡಿಕೊಂಡವು. ಹೊಸ ಕೀಲಿನ 39ರಲ್ಲಿ 6 ಸಡಿಲವಾಗಿ ತೆಗೆಯಬೇಕಾಯಿತು.

ಕೊನೆಯದು ತೀರಾ ಹೊಸದು, ಅದರ ಕಥೆ ಸ್ವಲ್ಪ ಉದ್ದ. ಕಾರ್ಟಿವಾ ಅಂತ ಹೆಸರು. ಪಾಲಿವಿನೈಲ್ ಆಲ್ಕೋಹಾಲ್ ಅನ್ನುವ ವಸ್ತು, ನೀರು ತುಂಬಿದ ಜೆಲ್ಲಿಯ ಹಾಗೆ ಆದರೆ ಗಟ್ಟಿ. ಮೂಳೆಯ ತಲೆಗೆ ತೂತು ಕೊರೆದು ಈ ಸಣ್ಣ ಬಿರಡೆಯನ್ನು ಒತ್ತಿ ಕೂರಿಸೋದು. ಕೆನಡಾ ಮತ್ತು ಬ್ರಿಟನ್ನಿನ 12 ಆಸ್ಪತ್ರೆಗಳಲ್ಲಿ 152 ಜನರಿಗೆ ಇದನ್ನು ಹಾಕಿ, 50 ಜನರಿಗೆ ಕೀಲು ಕೂಡಿಸಿ ಎರಡು ವರ್ಷ ನೋಡಿದರು. ಎರಡೂ ಕಡೆ ನೋವು ಇಳಿಯಿತು. 2016ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ಇಂಪ್ಲಾಂಟ್‌ಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಒಪ್ಪಿಗೆ ಕೊಟ್ಟಿತು. ದೊಡ್ಡ ಸುದ್ದಿಯೇ ಆಯಿತು.

ಅದೇ ಅಧ್ಯಯನದ ಇನ್ನೆರಡು ಅಂಕಿ ನೋಡಿ. ಇಂಪ್ಲಾಂಟ್ ಹಾಕಿದವರಿಗೆ ಬೆರಳು ಮೇಲಕ್ಕೆ ಬಗ್ಗೋದು ಸರಾಸರಿ ಜಾಸ್ತಿಯಾಗಿದ್ದು 6 ಡಿಗ್ರಿ. ನೆನಪಿದೆಯಾ, ಆರೋಗ್ಯವಾಗಿರುವ ಬೆರಳಿನದು 65, 70. ಎರಡು ವರ್ಷದೊಳಗೆ 152ರಲ್ಲಿ 14 ಇಂಪ್ಲಾಂಟ್ ತೆಗೆದು ಕೀಲು ಕೂಡಿಸಬೇಕಾಯಿತು. 2024ರ ಅಕ್ಟೋಬರ್ ಕೊನೆಯಲ್ಲಿ, ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜನರಲ್ಲಿ ಬಿರಡೆ ಕುಸಿಯೋದು, ಜರುಗೋದು, ಮತ್ತೆ ಆಪರೇಷನ್ ಬೇಕಾಗೋದು ಕಂಡುಬಂದು, ಅದರ ಒಡೆತನ ಹೊಂದಿದ್ದ ಸ್ಟ್ರೈಕರ್ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿತು. ಅಮೆರಿಕದ ಒಪ್ಪಿಗೆಯಿಂದ ಎಣಿಸಿದರೆ ಎಂಟು ವರ್ಷದ ಆಯಸ್ಸು. ಹಳೆಯ ವಿಡಿಯೋಗಳು ಮಾತ್ರ ಅದನ್ನು ಈಗಲೂ ಹೊಗಳುತ್ತಿವೆ. ಯಾರಾದರೂ ಈಗ ಆ ಹೆಸರು ಹೇಳಿದರೆ ಎದ್ದು ಬನ್ನಿ.

ಮಂಡಿಗೆ, ಸೊಂಟಕ್ಕೆ ಇಷ್ಟು ಚೆನ್ನಾಗಿ ನಡೆಯೋದು ಬೆರಳಿಗೆ ಯಾಕೆ ಆಗಲ್ಲ? ಸೊಂಟದಲ್ಲಿ ದೊಡ್ಡ ಗುಂಡು, ಆಳದ ಬಟ್ಟಲು. ಇಲ್ಲಿ ಗೋಲಿಯಷ್ಟು ಮೂಳೆ. ಪ್ರತಿ ಹೆಜ್ಜೆಗೂ ನೆಲ ಒದ್ದು ಮುಂದೆ ಹೋಗುವ ಬಲ ಅದರ ಮೇಲೆ ಅಡ್ಡಡ್ಡ ಬೀಳುತ್ತದೆ. ಸ್ಕ್ರೂ ಹಿಡಿಯಲು ಜಾಗವೇ ಇಲ್ಲ.

ಹಾಗಾದರೆ ಇಂಪ್ಲಾಂಟ್ ಬೇಡವೇ ಬೇಡ ಅಂತಲಾ? ಹಾಗೆ ಹೇಳಲ್ಲ. ಲೋಹದ ಟೋಪಿ ಹಾಕಿಸಿಕೊಂಡು ವರ್ಷಗಟ್ಟಲೆ ಆರಾಮಾಗಿ ಇರುವವರಿದ್ದಾರೆ. ಬೆರಳು ನೇರವಾಗಿರಬೇಕು, ಬನಿಯನ್ ಇರಬಾರದು. ಮೂಳೆ ಗಟ್ಟಿ ಇರಬೇಕು. ಎದುರಿನ ಮೇಲ್ಮೈಯೂ, ಬೆರಳಿನ ಅಡಿಯಲ್ಲಿರುವ ಎರಡು ಸಣ್ಣ ಬೀಜದಂಥ ಮೂಳೆಗಳೂ ಚೆನ್ನಾಗಿರಬೇಕು. ಕಾಲಿಗೆ ಜೋಮು ಹಿಡಿಸಿದ ಸಕ್ಕರೆ ಕಾಯಿಲೆ, ಹಳೆಯ ಸೋಂಕು ಇರಬಾರದು. ಮಣ್ಣಿನ ಕೆಲಸ, ಭಾರ ಹೊರುವ ಕೆಲಸ ಇರಬಾರದು. ಇನ್ನೊಂದು ಆಪರೇಷನ್ ಬೇಕಾಗಬಹುದು ಅನ್ನೋದನ್ನು ಒಪ್ಪಿಕೊಂಡಿರಬೇಕು. ಇಷ್ಟೂ ಹೊಂದಿದರೆ ಅದು ಮೂರ್ಖತನದ ಆಯ್ಕೆ ಅಲ್ಲ.

ಆದರೆ ನನ್ನ ನಾಲ್ಕನೆಯ ಕೋಲು ಇಲ್ಲೇ ಜೋರಾಗಿ ಬಡಿಯುತ್ತದೆ. ಇಂಪ್ಲಾಂಟ್ ತೆಗೆದರೆ ಅಲ್ಲಿ ಗುಂಡಿ ಉಳಿಯುತ್ತದೆ. ಹಾಗೇ ಕೂಡಿಸಿದರೆ ಹೆಬ್ಬೆರಳು ಗಿಡ್ಡವಾಗಿ, ಭಾರವೆಲ್ಲ ಪಕ್ಕದ ಬೆರಳಿನ ಬುಡಕ್ಕೆ ಹೋಗುತ್ತದೆ. ಅದು ಬೇಡ ಅಂದರೆ ಸೊಂಟದಿಂದಲೋ ಬೇರೆ ಕಡೆಯಿಂದಲೋ ಮೂಳೆ ತಂದು ತುಂಬಬೇಕು. ಅಂದರೆ ಎರಡು ಗಾಯ, ಜಾಸ್ತಿ ದಿನ, ಕೂಡಿಕೊಳ್ಳುವ ಭರವಸೆಯೂ ಕಮ್ಮಿ. ಮೊದಲೇ ಕೂಡಿಸಿದ್ದರೆ ಆಗುತ್ತಿದ್ದ ಸುಲಭದ ಕೆಲಸ ಅಲ್ಲ ಅದು.

ಕೀಲು ಕೂಡಿಸೋದು

ಹೆಸರು ಕೇಳಿದ ಕೂಡಲೇ ಜನ ಹೆದರುತ್ತಾರೆ. ಫ್ಯೂಷನ್ ಅಂದರೆ ಉಳಿದ ಕಾರ್ಟಿಲೇಜ್ ಕೆರೆದು ತೆಗೆದು, ಎರಡು ಮೂಳೆ ಸೇರಿಸಿ ಪ್ಲೇಟು ಸ್ಕ್ರೂ ಹಾಕಿ ಒಂದೇ ಮೂಳೆ ಮಾಡೋದು. ಕೀಲೇ ಇಲ್ಲದ ಮೇಲೆ ನೋವೂ ಇಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕೂಡಿಕೊಳ್ಳುತ್ತವೆ. ಬೀಡಿ ಸಿಗರೇಟು ಸೇದುವವರಿಗೆ, ಶುಗರ್ ಹಿಡಿತದಲ್ಲಿಲ್ಲದವರಿಗೆ ಮಾತ್ರ ಈ ಭರವಸೆ ಇಳಿಯುತ್ತದೆ.

ಬೆರಳನ್ನು ಚಪ್ಪಟೆಯಾಗಿ ಕೂಡಿಸಲ್ಲ. ನೆಲದಿಂದ ಸುಮಾರು 10ರಿಂದ 15 ಡಿಗ್ರಿ ಮೇಲೆ ಎತ್ತಿ ಕೂಡಿಸುತ್ತಾರೆ, ಹೆಜ್ಜೆ ಉರುಳಲಿ ಅಂತ. ಉಗುರಿನ ಹತ್ತಿರದ ಸಣ್ಣ ಕೀಲು ಮೊದಲಿನ ಹಾಗೇ ಬಗ್ಗುತ್ತದೆ. ಕೋನ ಜಾಸ್ತಿಯಾದರೆ ಉಗುರು ಶೂಗೆ ಉಜ್ಜುತ್ತದೆ, ಕಮ್ಮಿಯಾದರೆ ತುದಿಯ ಕೀಲು ಸವೆಯುತ್ತದೆ. ಹಾಗಾಗಿ ದಿನಾ ಹಾಕುವ ಚಪ್ಪಲಿ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಉಂಗುಷ್ಟ ಇರುವ ಚಪ್ಪಲಿ ಹಾಕುವವರು ಅದನ್ನೂ ಹೇಳಿ, ಬೆರಳು ಎಷ್ಟು ಪಕ್ಕಕ್ಕೆ ಕೂರಬೇಕು ಅನ್ನೋದು ಅದರ ಮೇಲೂ ನಿಂತಿದೆ.

ಕೂಡಿಸಿದ ಮೇಲೆ ಏನು ಆಗುತ್ತದೆ, ಏನು ಆಗಲ್ಲ? ಸಪಾಟು ನೆಲದಲ್ಲಿ ನಡೆಯೋದು ನೋಡಿದವರಿಗೆ ಗೊತ್ತೇ ಆಗಲ್ಲ. ಬೆಟ್ಟ ಹತ್ತಬಹುದು, ಓಡುವವರೂ ಇದ್ದಾರೆ. ಇಂಡಿಯನ್ ಟಾಯ್ಲೆಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಿಮ್ಮಡಿ ನೆಲಕ್ಕೆ ಊರಿ ಕೂರುವವರಿಗೆ ತೊಂದರೆ ಇಲ್ಲ, ಆಗ ಹೆಬ್ಬೆರಳು ಬಗ್ಗೋದೇ ಇಲ್ಲ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಕೂರುವವರಿಗೆ ಕಷ್ಟ. ಇವತ್ತೇ ಕೂತು ನೋಡಿಕೊಳ್ಳಿ, ನೀವು ಯಾವ ಥರ ಅಂತ. ಬೆರಳು ಮಡಿಚಿ ಮಂಡಿಯೂರೋದು ಆ ಕಾಲಲ್ಲಿ ಆಗಲ್ಲ. ವಜ್ರಾಸನದಲ್ಲಿ ಪಾದದ ಮೇಲ್ಭಾಗ ನೆಲಕ್ಕೆ ಇರೋದರಿಂದ ಕೂರಬಹುದು, ಏಳುವಾಗ ಇನ್ನೊಂದು ಕಾಲು ಊರಿ ಏಳಬೇಕು. ಎತ್ತರದ ಹಿಮ್ಮಡಿಯ ಚಪ್ಪಲಿ ಮರೆತುಬಿಡಿ.

ಮೊದಲೇ ಪರೀಕ್ಷೆ ಮಾಡಲು ಒಂದು ಉಪಾಯ ಇದೆ. ಗಟ್ಟಿ ತಗಡು ಇಟ್ಟ ಶೂ ಒಂದು ವಾರ ಬೆಳಗಿನಿಂದ ರಾತ್ರಿವರೆಗೆ ಹಾಕಿಕೊಳ್ಳಿ, ಮನೆಯೊಳಗೂ. ಹೆಬ್ಬೆರಳು ಬಗ್ಗದ ಬದುಕು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಆ ವಾರ ನೋವಿಲ್ಲದೆ ಖುಷಿಯಾಗಿ ಕಳೆದರೆ ನಿಮ್ಮ ಹೆದರಿಕೆ ಅರ್ಧ ಇಳಿಯಿತು.

ಇದರ ನಿಜವಾದ ಬೆಲೆ ಅಂದರೆ ದಿನಗಳು. ಸುಮಾರು ಆರು ವಾರ ಹಿಮ್ಮಡಿಯ ಮೇಲೆ ಮಾತ್ರ ಭಾರ ಹಾಕಿ, ಚಪ್ಪಟೆ ಶೂನಲ್ಲಿ ಕುಂಟಬೇಕು. ಮಾಮೂಲಿ ಶೂ ಹಾಕಲು ಮೂರು ತಿಂಗಳ ಹತ್ತಿರ. ಊತ ಆರು ತಿಂಗಳು ಇದ್ದರೂ ಗಾಬರಿ ಬೇಡ. ಬಲಗಾಲಾದರೆ ಜೀಪು, ಕಾರು ಓಡಿಸೋದು ಎರಡು ತಿಂಗಳು ಬಂದ್. ತೋಟದವರು ಕೊಯ್ಲು ಮುಗಿದು ಮಳೆಗಾಲ ಹಿಡಿಯೋದರೊಳಗೆ ದಿನ ಗೊತ್ತುಮಾಡಿ. ಜುಲೈ ಮಳೆಯಲ್ಲಿ, ಜಾರುವ ಅಂಗಳದಲ್ಲಿ, ಹೊರಗಿನ ಬಚ್ಚಲಿಗೆ ಒಂದು ಕಾಲಲ್ಲಿ ಹೋಗುವ ಸಾಹಸ ಯಾರಿಗೂ ಬೇಡ.

ಕೆಲ್ಲರ್ ಅನ್ನುವ ಹಳೆಯ ಆಪರೇಷನ್ ಕೂಡ ಇದೆ, ಬೆರಳಿನ ಮೂಳೆಯ ಬುಡವನ್ನೇ ಕತ್ತರಿಸಿ ತೆಗೆಯೋದು. ಚೇತರಿಕೆ ಬೇಗ, ಆದರೆ ಬೆರಳಿಗೆ ಬಲ ಇರಲ್ಲ. ಮನೆಯೊಳಗೇ ಓಡಾಡುವ ತೀರಾ ವಯಸ್ಸಾದವರಿಗೆ ಸರಿ.

ದುಡ್ಡು, ಓಡಾಟ

ಮುಳ್ಳು ಕೆತ್ತಲು ಯಾವ ಸಾಮಾನೂ ಬೇಡ, ಹಾಗಾಗಿ ಖರ್ಚು ಕಮ್ಮಿ. ಕೂಡಿಸಲು ಪ್ಲೇಟು ಸ್ಕ್ರೂ. ಇಂಪ್ಲಾಂಟ್‌ಗೆ ಆಪರೇಷನ್ ಬಿಲ್ಲಿನ ಮೇಲೆ ಸಾಮಾನಿನ ಬೆಲೆಯೇ ಬೇರೆ ಬರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿತಲ್ಲ ಅಂತ ಕೆಲವರು ಹೇಳುತ್ತಾರೆ. ಆ ಆದೇಶ ಮಂಡಿಯ ಇಂಪ್ಲಾಂಟ್‌ನದು. ಬೆರಳಿಗೆ ಬರೆದ ಕೊಟೇಷನ್ ಕೇಳಿ, ಮಾದರಿಯ ಹೆಸರೂ ಅದರಲ್ಲಿರಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ಇದೆ. ನಿಮಗೆ ಹೇಳಿದ ಆಪರೇಷನ್ ಅದರ ಪಟ್ಟಿಯಲ್ಲಿ ಇದೆಯಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಹಾಸನದವರು ಹಿಮ್ಸ್‌ನ ಮೂಳೆ ವಿಭಾಗದಿಂದಲೇ ಶುರು ಮಾಡೋದು ಇದಕ್ಕೂ ಅನುಕೂಲ.

ಓಡಾಟದ ಲೆಕ್ಕವನ್ನೂ ಸೇರಿಸಿ. ಪಾದದ ಆಪರೇಷನ್ ಒಂದನ್ನೇ ಮಾಡುವ ಡಾಕ್ಟರುಗಳು ಜಾಸ್ತಿ ಇರೋದು ದೊಡ್ಡ ಊರುಗಳಲ್ಲಿ. ಹಾಸನದಿಂದ ಬೆಂಗಳೂರಿಗೆ ಹೋಗಿ ಬಂದರೆ ಒಂದು ದಿನ ಪೂರ್ತಿ ಹೋಯಿತು, ಕಾಲು ಕಟ್ಟಿಸಿಕೊಂಡವರ ಜೊತೆಗೆ ಇನ್ನೊಬ್ಬರೂ ಬೇಕು. ಮುಳ್ಳು ಕೆತ್ತೋದು, ಕೂಡಿಸೋದು ಅನುಭವ ಇರುವ ಆರ್ಥೋ ಡಾಕ್ಟರ್ ಹತ್ತಿರದಲ್ಲೇ ಮಾಡಬಲ್ಲರು. ಇಂಪ್ಲಾಂಟ್ ಮಾತ್ರ ಅದನ್ನು ಮೇಲಿಂದ ಮೇಲೆ ಮಾಡುವವರ ಕೈಯಲ್ಲೇ ಆಗಲಿ.

ಆ ಮೂವರು

ನಾಟ್ಯದವಳ ಎಕ್ಸ್‌ರೇಯಲ್ಲಿ ಸಂದು ಚೆನ್ನಾಗಿ ಉಳಿದಿದೆ, ನೋವು ಕೊನೆಯಲ್ಲಿ ಮಾತ್ರ. ಹಿಮ್ಮಡಿ ಎತ್ತಿ ಕುಟ್ಟುವ ಅಡವುಗಳಿಗೆ ಬೆರಳು ಬಗ್ಗಲೇಬೇಕು. ಅವಳಿಗೆ ಮುಳ್ಳು ಕೆತ್ತಿಸು, ಇಂಪ್ಲಾಂಟ್ ಮಾತು ಇನ್ನು ಹದಿನೈದು ವರ್ಷ ಎತ್ತಬೇಡ ಅಂದೆ. ಅವಳ ಡಾಕ್ಟರೂ ಹಾಗೇ ಅಂದರಂತೆ.

ಟೀಚರಿಗೆ ಎರಡೂ ಮಗ್ಗುಲು ಸವೆದಿದೆ, ಮೂಳೆಯೂ ಟೊಳ್ಳಾಗುತ್ತಿದೆ. ಒಂದು ಮಗ್ಗುಲಿನ ಟೋಪಿಯಿಂದ ಏನು ಆಗುತ್ತೆ? ಅವರ ಆಸೆ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯೋದು. ಗಟ್ಟಿ ಶೂ ವಾರ ಮುಗಿಸಿ, ಕೂಡಿಸೋಕೆ ಒಪ್ಪಿದ್ದಾರೆ.

ರೈಟರದ್ದೇ ಕಷ್ಟ. ನಲವತ್ತಾರು ವಯಸ್ಸು, ದಿನಾ ಇಳಿಜಾರಿನಲ್ಲಿ ಏಳೆಂಟು ಕಿಲೋಮೀಟರ್, ಕೀಲು ಮುಕ್ಕಾಲು ಹೋಗಿದೆ. ನಾನಾಗಿದ್ದರೆ ಕೂಡಿಸುತ್ತಿದ್ದೆ. ಅವರಿಗೆ ಮನಸ್ಸಿಲ್ಲ, ಬೆರಳು ಬಗ್ಗಬೇಕು ಅನ್ನುತ್ತಾರೆ. ಈಗ ಎಷ್ಟು ಡಿಗ್ರಿ ಬಗ್ಗುತ್ತಿದೆ ಅಂತ ಅಳೆಸಿ ಅಂದೆ. ಅಳೆಸಿದರು, ಹದಿನೈದೂ ಇಲ್ಲ. ಇಲ್ಲದ್ದನ್ನು ಉಳಿಸಿಕೊಳ್ಳಲು ಲೋಹ ಹಾಕಿಸಬೇಕಾ ಅಂತ ಈಗ ಯೋಚನೆ ಮಾಡುತ್ತಿದ್ದಾರೆ. ಮುಂದಿನ ತಿಂಗಳು ಡಾಕ್ಟರನ್ನು ನೋಡುವಾಗ ಕೇಳಲು ಚೀಟಿ ಬರೆದುಕೊಟ್ಟಿದ್ದೇನೆ: ಎದುರಿನ ಮಗ್ಗುಲು ಹೇಗಿದೆ, ಈ ಮಾದರಿಯನ್ನು ನೀವು ಎಷ್ಟು ಜನಕ್ಕೆ ಹಾಕಿದ್ದೀರಿ, ಐದು ವರ್ಷ ಆದವರು ಹೇಗಿದ್ದಾರೆ, ತೆಗೆಯಬೇಕಾಗಿ ಬಂದರೆ ನೀವೇ ತೆಗೆಯುತ್ತೀರಾ.

ಪ್ಲೇಟೇ ಇರಲಿ, ಇಂಪ್ಲಾಂಟೇ ಇರಲಿ, ಡಬ್ಬಿಯ ಮೇಲೆ ಕಂಪನಿ, ಮಾದರಿ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಡಿಸ್ಚಾರ್ಜ್ ದಿನ ಅದನ್ನು ಕೇಳಿ ಇಸಿದುಕೊಳ್ಳಿ, ಫೈಲಿಗೆ ಅಂಟಿಸಿ, ಫೋನಿನಲ್ಲೂ ಒಂದು ಫೋಟೋ ಇಡಿ. ಹತ್ತು ವರ್ಷದ ಮೇಲೆ ಬೇರೆ ಊರಿನ ಡಾಕ್ಟರ್ ಒಬ್ಬರು ಆ ಸ್ಕ್ರೂ ಬಿಚ್ಚಬೇಕಾದರೆ, ಯಾವ ಸ್ಕ್ರೂಡ್ರೈವರ್ ತರಿಸಬೇಕು ಅನ್ನೋದು ಅದರಿಂದಲೇ ಗೊತ್ತಾಗೋದು.